ದೇವನಹಳ್ಳಿಯಿಂದ 150 ಕಿ.ಮೀ.: ನಮ್ಮ ಜಿಲ್ಲೆಯ ಮೇಲೆ ಹಾದ ನೇರ ಗೆರೆ

ತುಮಕೂರಿನಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ಕೇಳಿ ನೋಡಿ. ಉತ್ತರ ತಕ್ಷಣ ಸಿಗುತ್ತದೆ: ಸುಮಾರು 1,690 ಕಿಲೋಮೀಟರ್, ಎರಡು ಎರಡೂವರೆ ಗಂಟೆ. ತುಮಕೂರಿನಲ್ಲಿ ವಿಮಾನ ನಿಲ್ದಾಣವೇ ಇಲ್ಲ ಎಂಬುದು ಆ ಲೆಕ್ಕಕ್ಕೆ ಅಡ್ಡಿಯಾಗುವುದಿಲ್ಲ. ಎರಡು ಊರುಗಳ ಅಕ್ಷಾಂಶ, ರೇಖಾಂಶ ತೆಗೆದುಕೊಂಡು, ಭೂಮಿಯ ಉಬ್ಬಿಗೆ ತಕ್ಕಂತೆ ಅವುಗಳ ನಡುವೆ ಅತಿ ಚಿಕ್ಕ ಗೆರೆ ಎಳೆಯುತ್ತಾರೆ. ಬಂದ ದೂರವನ್ನು ಗಂಟೆಗೆ 800 ಚಿಲ್ಲರೆ ಕಿಲೋಮೀಟರಿನಂತೆ ಭಾಗಿಸುತ್ತಾರೆ. ಏರುವುದಕ್ಕೆ, ಇಳಿಯುವುದಕ್ಕೆ ಒಂದಿಷ್ಟು ನಿಮಿಷ ಸೇರಿಸುತ್ತಾರೆ. ಅಷ್ಟೇ.

ಇದರಲ್ಲೊಂದು ಸ್ವಾರಸ್ಯವಿದೆ. ತುಮಕೂರು ನಗರವೂ ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣವೂ ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲಿವೆ, 77 ಡಿಗ್ರಿ 6 ನಿಮಿಷದ ಆಸುಪಾಸು. ಟೌನ್‌ಹಾಲ್ ಸರ್ಕಲ್ಲಿನಲ್ಲಿ ನಿಂತು ನೇರ ಉತ್ತರಕ್ಕೆ ಮುಖ ಮಾಡಿದರೆ, ನಾವು ನೋಡುತ್ತಿರುವುದು ದೆಹಲಿಯ ರನ್‌ವೇ ಕಡೆಗೇ. ಆದರೆ ಆ ವಿಮಾನ ಹತ್ತಬೇಕಾದರೆ ಮೊದಲು ಪೂರ್ವಕ್ಕೆ, ದೇವನಹಳ್ಳಿಗೆ ಹೋಗಬೇಕು.

ಈ ನೇರ ಗೆರೆಯ ದೂರವನ್ನು ಸರ್ಕಾರಿ ಕಾಗದಗಳಲ್ಲಿ 'ವೈಮಾನಿಕ ದೂರ' ಎನ್ನುತ್ತಾರೆ. ಕೇಳಲು ಬರೀ ಲೆಕ್ಕದ ಮಾತು. ಆದರೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನಮಗೆ ಈ ಎರಡು ಪದ ಅಷ್ಟು ಹಗುರವಲ್ಲ. 2004ರಲ್ಲಿ ಬರೆದ ಒಂದು ಒಪ್ಪಂದದಲ್ಲಿ ಅವು ಕೂತಿವೆ, ನಮ್ಮ ಇಡೀ ಜಿಲ್ಲೆಯನ್ನು ಒಂದು ವೃತ್ತದೊಳಗೆ ಹಾಕಿವೆ. ಅಲ್ಲಿಗೆ ಹೋಗುವ ಮೊದಲು ಆ ಗೆರೆ ಎಲ್ಲಿಂದ ಬಂತು ನೋಡೋಣ. ಅದು ವಿಮಾನಕ್ಕಿಂತ ನೂರು ವರ್ಷ ಹಳೆಯದು, ಹಾದದ್ದೂ ನಮ್ಮ ಬೆಟ್ಟಗಳ ಮೇಲೆಯೇ.

ಹಿಂದೆ ನಮ್ಮ ಕಡೆ ದೂರವೆಂದರೆ ನಡೆದ ದಾರಿ. ಹರದಾರಿ ಲೆಕ್ಕ, ಸುಮಾರು ಮೂರು ಮೈಲಿಗೆ ಒಂದು. ಅದಕ್ಕಿಂತ ಹೆಚ್ಚಾಗಿ ಹೊತ್ತಿನ ಲೆಕ್ಕ: ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನಕ್ಕೆ, ಗಾಡಿಯಲ್ಲಾದರೆ ಎರಡು ದಿನಕ್ಕೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಗೂ ಬಂದಿದ್ದ. ಸಣ್ಣ ಊರಾದರೂ ಇಲ್ಲಿಯ ವ್ಯಾಪಾರ ದೊಡ್ಡದು ಎಂದು ವಿವರವಾಗಿ ಬರೆದ. ಅಡಿಕೆ, ಕೊಬ್ಬರಿ ಹೇರಿಕೊಂಡು ಎತ್ತಿನ ಹಿಂಡು ಹೋಗುತ್ತಿದ್ದ ದಾರಿಯಲ್ಲಿ ಕೆರೆ ಎಲ್ಲಿದೆ, ಮೇವು ಎಲ್ಲಿದೆ ಎಂಬುದೇ ದೂರವನ್ನು ನಿರ್ಧರಿಸುತ್ತಿತ್ತು. ನೇರ ಗೆರೆಯಿಂದ ಯಾರಿಗೂ ಉಪಯೋಗವಿರಲಿಲ್ಲ.

ಉಪಯೋಗ ಇದ್ದದ್ದು ಕಂಪನಿ ಸರ್ಕಾರಕ್ಕೆ. 1799ರ ಶ್ರೀರಂಗಪಟ್ಟಣ ಮುತ್ತಿಗೆಯಲ್ಲಿದ್ದ ಸೈನಿಕ ವಿಲಿಯಂ ಲ್ಯಾಂಬ್ಟನ್, ಗೆದ್ದ ನೆಲವನ್ನು ಕರಾರುವಾಕ್ಕಾಗಿ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಒಂದು ಆಧಾರ ರೇಖೆ ಅಳೆದು ಕೈ ಪಳಗಿಸಿಕೊಂಡ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿ ಉದ್ದದ ರೇಖೆಯಿಂದ ನಿಜವಾದ ಕೆಲಸ ಶುರುವಾಯಿತು. ಕ್ರಮ ಸರಳ. ನೆಲದ ಮೇಲೆ ಒಂದೇ ಒಂದು ಗೆರೆಯನ್ನು ಸರಪಳಿ ಹಿಡಿದು ಅಳೆಯಬೇಕು. ಅದರ ಎರಡೂ ತುದಿಯಿಂದ ದೂರದ ಬೆಟ್ಟವೊಂದರ ಕೋನ ನೋಡಬೇಕು. ತ್ರಿಕೋನದ ಉಳಿದ ಎರಡು ಬಾಹು ಲೆಕ್ಕದಿಂದ ಬರುತ್ತವೆ, ಆ ಬೆಟ್ಟದಿಂದ ಮುಂದಿನ ಬೆಟ್ಟ. ನಡುವೆ ಕಾಡಿರಲಿ, ಹಳ್ಳವಿರಲಿ, ಕೆರೆಯಿರಲಿ, ಕಾಲಿಡಬೇಕಿಲ್ಲ. ಸುಮಾರು ಅರ್ಧ ಟನ್ ತೂಕದ ಥಿಯೋಡಲೈಟ್ ಯಂತ್ರವನ್ನು ಮಾತ್ರ ಬೆಟ್ಟದಿಂದ ಬೆಟ್ಟಕ್ಕೆ ಹೊರಬೇಕು. ಹೊತ್ತವರು ಯಾರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮದ್ರಾಸಿನಿಂದ ಮಂಗಳೂರಿನವರೆಗೆ ಹೀಗೆ ತ್ರಿಕೋನಗಳ ಸಾಲು ಹೆಣೆದಾಗ ಕಂಪನಿಯವರಿಗೇ ಆಶ್ಚರ್ಯ ಕಾದಿತ್ತು. ಹಳೆಯ ನಕ್ಷೆಗಳಲ್ಲಿ ಒಂದು ಕರಾವಳಿಯಿಂದ ಇನ್ನೊಂದಕ್ಕೆ 400 ಮೈಲಿ ಇತ್ತು, ಲ್ಯಾಂಬ್ಟನ್ ಲೆಕ್ಕದಲ್ಲಿ ಬಂದದ್ದು 360. ನಲವತ್ತು ಮೈಲಿ ಅಂದರೆ 64 ಕಿಲೋಮೀಟರ್. ತುಮಕೂರಿನಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಇರುವಷ್ಟು ಅಗಲದ, ಇಲ್ಲದ ನೆಲವೊಂದು ನಕ್ಷೆಗಳಲ್ಲಿ ಅಲ್ಲಿಯವರೆಗೆ ಕೂತಿತ್ತು ಎಂದಾಯಿತು. ಆಮೇಲೆ ಲ್ಯಾಂಬ್ಟನ್ ದಕ್ಷಿಣದಿಂದ ಉತ್ತರಕ್ಕೆ ಮಹಾ ರೇಖೆ ಅಳೆಯಲು ಹೊರಟಾಗ ನಕ್ಷತ್ರ ನೋಡಿ ಅಕ್ಷಾಂಶ ಗುರುತಿಸಲು ಆರಿಸಿಕೊಂಡ ಜಾಗಗಳಲ್ಲಿ ಬೆಂಗಳೂರಿನ ದೊಡ್ಡಿಗುಂಟೆ ಒಂದು, ನಮ್ಮ ಜಿಲ್ಲೆಯ ಪಾವಗಡ ಇನ್ನೊಂದು. ಇವತ್ತು ಮೊಬೈಲು ಎರಡು ಊರಿನ ವೈಮಾನಿಕ ದೂರ ಹೇಳುವುದು ಉಪಗ್ರಹದ ಲೆಕ್ಕದಿಂದ, ನಿಜ. ಆದರೆ ದಾರಿಯನ್ನು ಬಿಟ್ಟು ದೂರವನ್ನಷ್ಟೇ ಅಳೆಯುವ ಬುದ್ಧಿ ಈ ಸೀಮೆಯಲ್ಲಿ ಮೊದಲು ಕೆಲಸ ಮಾಡಿದ್ದು ಹೀಗೆ, ಪಾವಗಡದಂಥ ಬೆಟ್ಟದ ತಲೆಯ ಮೇಲೆ.

ಜನರಿಗೆ ಮಾತ್ರ ದೂರ ಇನ್ನೂ ದಾರಿಯೇ ಆಗಿತ್ತು. ಅದನ್ನು ನಿಜವಾಗಿ ಕಡಿಮೆ ಮಾಡಿದ್ದು ರೈಲು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ, ಗುಬ್ಬಿಗೆ ಮೀಟರ್ ಗೇಜ್ ರೈಲು ಬಂತು. ಮುಂದೆ ಹರಿಹರದವರೆಗೆ ಹಳಿ ಬೀಳುವುದು 1889ಕ್ಕೆ. ಅಲ್ಲಿಯವರೆಗೆ ಗುಬ್ಬಿಯೇ ಕೊನೆಯ ನಿಲ್ದಾಣ. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ. ಎರಡಕ್ಕೂ ನೇರ ಸಂಬಂಧವಿದೆ ಎನ್ನುವುದಿಲ್ಲ, ಆದರೆ ಸೀನು ಸೀನರಿ ಹೊತ್ತು ಊರೂರು ತಿರುಗುವ ಕಂಪನಿಗೆ ರೈಲು ಎಷ್ಟು ಅನುಕೂಲವೆಂದು ಊಹಿಸಬಹುದು. ರೈಲಿನ ಒಂದು ಗುಣವೆಂದರೆ ಅದು ನಡುವಿನ ಊರನ್ನು ಮರೆಯುವುದಿಲ್ಲ. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ಹಳಿ ಗುಬ್ಬಿಯ ಮೇಲೇ ಹೋಗಬೇಕು, ಒಂದಾದರೂ ಬಂಡಿ ಅಲ್ಲಿ ನಿಲ್ಲಬೇಕು.

ವಿಮಾನಕ್ಕೆ ಆ ಹಂಗಿಲ್ಲ. ಹಾಗಿದ್ದೂ ಅದರ ಆರಂಭದ ದಿನಗಳಲ್ಲಿ ನಡುವಿನ ಊರೊಂದಕ್ಕೆ ಅದೃಷ್ಟ ಒಲಿದಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಅಂಚೆ ಹೊತ್ತು ಅಹಮದಾಬಾದ್ ಮೂಲಕ ಬೊಂಬಾಯಿಗೆ ಬಂದರು. ಅಲ್ಲಿಂದ ಮದ್ರಾಸಿಗೆ ಅದನ್ನು ಒಯ್ದದ್ದು ಅವರ ಜೊತೆಗಾರ ನೆವಿಲ್ ವಿನ್ಸೆಂಟ್, ನಡುವೆ ಇಳಿದದ್ದು ಬಳ್ಳಾರಿಯಲ್ಲಿ. ಬೆಂಗಳೂರಲ್ಲ, ಮೈಸೂರಲ್ಲ, ಬಳ್ಳಾರಿ ಏಕೆ? ನಾವು ನಕ್ಷೆಯ ಮೇಲೆ ಅಳೆದು ನೋಡಿದೆವು. ಮುಂಬೈಯಿಂದ ಚೆನ್ನೈಗೆ ನೇರ ಗೆರೆ ಸುಮಾರು 1,030 ಕಿ.ಮೀ. ಮುಂಬೈಯಿಂದ ಬಳ್ಳಾರಿ ಸುಮಾರು 610, ಬಳ್ಳಾರಿಯಿಂದ ಚೆನ್ನೈ ಸುಮಾರು 420. ಕೂಡಿದರೆ ಅದೇ 1,030! ಅಂದರೆ ಬಳ್ಳಾರಿ ಇರುವುದು ಹೆಚ್ಚು ಕಡಿಮೆ ಆ ಗೆರೆಯ ಮೇಲೆಯೇ. ಸಣ್ಣ ಟ್ಯಾಂಕಿನ ವಿಮಾನ ಎಲ್ಲಾದರೂ ಇಳಿದು ಪೆಟ್ರೋಲ್ ತುಂಬಿಸಿಕೊಳ್ಳಲೇಬೇಕಿತ್ತು. ದಾರಿ ಸುತ್ತಾಗದಂತೆ ಇಳಿಯಲು ಬಳ್ಳಾರಿ ಸಿಕ್ಕಿತು. ಅದು ಆಗ ಮದ್ರಾಸ್ ಪ್ರಾಂತ್ಯದಲ್ಲಿ, ಬ್ರಿಟಿಷರ ನೇರ ಆಡಳಿತದಲ್ಲಿತ್ತು ಎಂಬುದೂ ನೆನಪಿರಲಿ. ಟ್ಯಾಂಕು ದೊಡ್ಡದಾದಂತೆ ಇಂಥ ನಡುದಾರಿಯ ಊರುಗಳು ಒಂದೊಂದೇ ವೇಳಾಪಟ್ಟಿಯಿಂದ ಬಿದ್ದುಹೋದವು.

ಬೆಂಗಳೂರಿನ ಕತೆ ಬಹುಪಾಲು ಓದುಗರಿಗೆ ಗೊತ್ತಿರುವುದೇ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. ಆ ಕಾರ್ಖಾನೆಯ ಓಡುದಾರಿಯೇ ಮುಂದೆ ಊರಿನ ವಿಮಾನ ನಿಲ್ದಾಣವಾಯಿತು. 1953ರಲ್ಲಿ ಎಂಟು ಖಾಸಗಿ ಕಂಪನಿಗಳನ್ನು ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದಾಗ ಹಾರುತ್ತಿದ್ದದ್ದು ಹೆಚ್ಚಾಗಿ ಡಕೋಟಾ. ಗಂಟೆಗೆ 300 ಕಿಲೋಮೀಟರಿನೊಳಗಿನ ವೇಗ. ಬೆಂಗಳೂರಿನಿಂದ ಮುಂಬೈಗೆ ನೇರ ಗೆರೆ ಸುಮಾರು 830 ಕಿ.ಮೀ., ಆ ವೇಗಕ್ಕೆ ಮೂರು ಗಂಟೆಯ ಮೇಲೆ. 1964ರಲ್ಲಿ ಕ್ಯಾರವೆಲ್ ಜೆಟ್ ಬಂದಾಗ ವೇಗ ಎರಡೂವರೆ ಪಟ್ಟಿಗೂ ಹೆಚ್ಚಾಯಿತು.

ವೇಗ ಹೆಚ್ಚಿದ್ದು ಅಲ್ಲಿಗೇ ನಿಂತಿತು. ಇದನ್ನು ಗಮನಿಸುವವರು ಕಡಿಮೆ. ಅರವತ್ತರ ದಶಕದ ಜೆಟ್ಟೂ ಇವತ್ತಿನ ಏರ್‌ಬಸ್ಸೂ ಗಾಳಿಯಲ್ಲಿ ಹೋಗುವುದು ಸರಿಸುಮಾರು 800–900 ಕಿ.ಮೀ. ವೇಗದಲ್ಲೇ. ಶಬ್ದದ ವೇಗದ ಹತ್ತಿರ ಹೋದಷ್ಟೂ ಗಾಳಿಯ ತಡೆ ಏಕಾಏಕಿ ಏರುತ್ತದೆ, ಇಂಧನ ಸುರಿದುಹೋಗುತ್ತದೆ. ಹಾಗಾಗಿ ಕಂಪನಿಗಳು ಅಗ್ಗದ ಹಾರಾಟದ ಕಡೆ ಹೋದವೇ ಹೊರತು ವೇಗದ ಕಡೆಗಲ್ಲ. ಇನ್ನೊಂದು ಮಾತು: ವೇಳಾಪಟ್ಟಿಯಲ್ಲಿ ಬೆಂಗಳೂರು–ದೆಹಲಿ ಎರಡೂ ಮುಕ್ಕಾಲು ಗಂಟೆ ಎಂದು ಬರೆದಿರುವುದು ಆಕಾಶದಲ್ಲಿರುವ ಹೊತ್ತು ಮಾತ್ರವಲ್ಲ. ಬಾಗಿಲು ಹಾಕಿ ವಿಮಾನ ಹಿಂದಕ್ಕೆ ಸರಿದ ಗಳಿಗೆಯಿಂದ, ಇಳಿದು ತನ್ನ ಜಾಗದಲ್ಲಿ ನಿಲ್ಲುವವರೆಗಿನ ಲೆಕ್ಕ ಅದು. ಓಡುದಾರಿಯ ಮುಂದೆ ಸರದಿ ಕಾಯುವುದು, ಇಳಿಯಲು ಅಪ್ಪಣೆ ಸಿಗದೆ ಸುತ್ತು ಹೊಡೆಯುವುದು ಎಲ್ಲ ಅದರೊಳಗೆ. ನಿಲ್ದಾಣ ತುಂಬಿದಷ್ಟೂ ಆ ಸಂಖ್ಯೆ ಹಿಗ್ಗುತ್ತದೆ. ದೂರ ಅದೇ, ವೇಗ ಅದೇ, ಹೊತ್ತು ಮಾತ್ರ ಜಾಸ್ತಿ.

ನೇರ ಗೆರೆಯ ಪರಮಾವಧಿ ನೋಡಿದ್ದು 2021ರ ಜನವರಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲಿಂದ ಹಾದು ಜನವರಿ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಸುಮಾರು 14,000 ಕಿ.ಮೀ., 17 ಗಂಟೆ ಚಿಲ್ಲರೆ, ಎಲ್ಲೂ ನಿಲ್ಲದೆ. ನಡೆಸಿದ್ದು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು. ಗೋಡೆಯ ನಕ್ಷೆಯಲ್ಲಿ ಅಮೆರಿಕ ಪಶ್ಚಿಮಕ್ಕೆ ಕಾಣುತ್ತದೆ, ಗೋಲದ ಮೇಲೆ ದಾರ ಎಳೆದರೆ ಹತ್ತಿರದ ದಾರಿ ಉತ್ತರಕ್ಕೆ ಹೋಗುತ್ತದೆ. ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿರುವ ಮನೆಗಳು ಈಗ ತುಮಕೂರಿನಲ್ಲೂ ಕಡಿಮೆಯಿಲ್ಲ, ಗುಬ್ಬಿಯಲ್ಲೂ ಇವೆ. ಅಂಥ ಮನೆಯವರಿಗೆ 17 ಗಂಟೆಯ ಲೆಕ್ಕ ಬಾಯಿಪಾಠ.

ಆದರೆ ಗುಬ್ಬಿಯ ಮನೆಯಿಂದ ಲೆಕ್ಕ ಹಾಕಿದರೆ? ದೆಹಲಿಗೆ ಹೊರಟವರು ಎರಡೂ ಮುಕ್ಕಾಲು ಗಂಟೆಯ ವಿಮಾನಕ್ಕಾಗಿ ಮೊದಲು ಎರಡೂವರೆ ಗಂಟೆ ಕಾರಿನಲ್ಲಿ ಕೂರಬೇಕು. ಡಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಬೇಕು. ವಿಮಾನಕ್ಕೆ ಎರಡು ಗಂಟೆ ಮೊದಲೇ ಅಲ್ಲಿರಬೇಕು. ಕುಣಿಗಲ್‌ನವರು ನೆಲಮಂಗಲದ ಟ್ರಾಫಿಕ್ಕಿಗೆಂದು ಇನ್ನೊಂದಿಷ್ಟು ಹೊತ್ತು ಎತ್ತಿಡುತ್ತಾರೆ. ಬೆಳಿಗ್ಗೆ ಆರರ ವಿಮಾನವಾದರೆ ರಾತ್ರಿ ಒಂದಕ್ಕೇ ಮನೆ ಬಿಡಬೇಕು. ನೆಲದ ಮೇಲಿನ ಹೊತ್ತು ಆಕಾಶದ ಹೊತ್ತಿಗಿಂತ ಹೆಚ್ಚು.

ಹಾಗಾದರೆ ಹತ್ತಿರದಲ್ಲೊಂದು ನಿಲ್ದಾಣ ಏಕಿಲ್ಲ? ಇಲ್ಲಿಗೆ 2004ರ ಒಪ್ಪಂದ ಬರುತ್ತದೆ. ಆ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರವೂ ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಂಪನಿಯೂ ಸಹಿ ಹಾಕಿದ ಒಪ್ಪಂದದಲ್ಲಿ ಒಂದು ಷರತ್ತಿದೆ. ದೇವನಹಳ್ಳಿ ನಿಲ್ದಾಣ ಶುರುವಾಗಿ 25 ವರ್ಷ ತುಂಬುವವರೆಗೆ ಅದರ ಸುತ್ತ 150 ಕಿ.ಮೀ. ವೈಮಾನಿಕ ದೂರದೊಳಗೆ ಹೊಸ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶವಿಲ್ಲ, ಇರುವುದನ್ನು ಆ ಮಟ್ಟಕ್ಕೆ ಏರಿಸುವಂತೆಯೂ ಇಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಅದೇ ಒಪ್ಪಂದದ ಕಾರಣಕ್ಕೆ ಎಚ್‌ಎಎಲ್ ನಿಲ್ದಾಣವನ್ನು ಪ್ರಯಾಣಿಕ ವಿಮಾನಗಳಿಗೆ ಮುಚ್ಚಬೇಕಾಯಿತು. ವಿರೋಧ, ಮುಷ್ಕರ, ಕೋರ್ಟು ಎಲ್ಲ ಆಗಿ 2008ರ ಮೇ 24ರಂದು ದೇವನಹಳ್ಳಿಯಿಂದ ಹಾರಾಟ ಶುರುವಾಯಿತು. ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೂ ಇಂಥದೇ 150 ಕಿ.ಮೀ. ರಕ್ಷಣೆ ಇದೆ. ಸಾವಿರಾರು ಕೋಟಿ ಹಾಕುವವನಿಗೆ ಪಕ್ಕದಲ್ಲಿ ಪೈಪೋಟಿ ಇರಬಾರದು ಎಂಬುದು ತರ್ಕ. ಆಗಿನ ಕಾಲಕ್ಕೆ ಅದರಲ್ಲಿ ಅರ್ಥವಿತ್ತು ಎಂದೇ ಇಟ್ಟುಕೊಳ್ಳೋಣ.

ಆ ವೃತ್ತವನ್ನು ನಾವೂ ಎಳೆದು ನೋಡಿದೆವು. ದೇವನಹಳ್ಳಿ ನಿಲ್ದಾಣದಿಂದ ತುಮಕೂರು ಸುಮಾರು 67 ಕಿ.ಮೀ., ಕುಣಿಗಲ್ 76, ಗುಬ್ಬಿ 84, ಶಿರಾ 106. ಎಲ್ಲಕ್ಕಿಂತ ದೂರದ ತಿಪಟೂರು 134 ಆಗಬಹುದು. ಹತ್ತೂ ತಾಲ್ಲೂಕು ಕೇಂದ್ರಗಳು ವೃತ್ತದ ಒಳಗೇ. ವಿನಾಯಿತಿ ಪಡೆದವು? ಮೈಸೂರಿನ ಮಂಡಕಳ್ಳಿ ನಿಲ್ದಾಣ 156 ಕಿ.ಮೀ. ಆಸುಪಾಸು, ಹಾಸನ 170ಕ್ಕೂ ಮೇಲೆ. ಅವು ಹೇಗೂ ಗೆರೆಯ ಹೊರಗಿದ್ದವು! ಒಳಗಿದ್ದವರಿಗಾಗಿ ಅಲ್ಲಿ ಯಾರೂ ಕೇಳಲಿಲ್ಲ. ರಸ್ತೆಯ ದೂರ ಎಂದು ಬರೆದಿದ್ದರೆ ತಿಪಟೂರಿನಂಥ ಅಂಚಿನ ಊರು ಹೊರಗೆ ಬೀಳುವ ಸಾಧ್ಯತೆಯಾದರೂ ಇರುತ್ತಿತ್ತು. 'ವೈಮಾನಿಕ' ಎಂಬ ಪದ ಆ ಸಂದನ್ನೂ ಮುಚ್ಚಿತು.

25 ವರ್ಷ ತುಂಬುವುದು 2033ರ ಮೇ ತಿಂಗಳಿಗೆ. ನಿಲ್ದಾಣ ಕಟ್ಟಲು ಹೇಗೂ ಏಳೆಂಟು ವರ್ಷ ಬೇಕು ಎಂದು ರಾಜ್ಯ ಸರ್ಕಾರ ಎರಡನೇ ನಿಲ್ದಾಣಕ್ಕೆ ಈಗಲೇ ಜಾಗ ಹುಡುಕುತ್ತಿದೆ. ಕೇಂದ್ರಕ್ಕೆ ಕಳಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯಲ್ಲಿ, ಒಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಕೊಂಡು ಹೋಯಿತು. ಶಿರಾ ಕಡೆ ಆಗಲಿ ಎಂದು ನಮ್ಮ ಜಿಲ್ಲೆಯ ರಾಜಕಾರಣಿಗಳ ಒತ್ತಾಯವೂ ಇದೆ. ಅತ್ತ ತಮಿಳುನಾಡು 2024ರ ಜೂನ್‌ನಲ್ಲೇ ಹೊಸೂರಿನಲ್ಲಿ 2,000 ಎಕರೆಯ ನಿಲ್ದಾಣ ಘೋಷಿಸಿ ಕೂತಿದೆ. ಹೊಸೂರು ದೇವನಹಳ್ಳಿಗೆ ನೇರ ಗೆರೆಯಲ್ಲಿ 50 ಕಿ.ಮೀ. ಸ್ವಲ್ಪ ಮೇಲೆ. ಅದಕ್ಕೂ ಅಡ್ಡ ಬರುತ್ತಿರುವುದು ಇದೇ ಷರತ್ತು.

ಕುಣಿಗಲ್ ಎಂದಾಗ ಒಂದು ಅಡ್ಡಮಾತು. ವೇಗಕ್ಕೂ ಈ ಊರಿಗೂ ನಂಟು ಹಳೆಯದು. ಟಿಪ್ಪು ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಇಲ್ಲಿನ ಸ್ಟಡ್ ಫಾರಂ ಅನ್ನು ಸರ್ಕಾರ 1992ರಲ್ಲಿ ವಿಜಯ್ ಮಲ್ಯ ಅವರ ಸಮೂಹದ ಕಂಪನಿಗೆ 30 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಅದೇ ಮಲ್ಯ 2005ರಲ್ಲಿ ಶುರು ಮಾಡಿದ ಕಿಂಗ್‌ಫಿಶರ್ ವಿಮಾನಗಳು 2012ರಲ್ಲಿ ನೆಲ ಹಿಡಿದವು. ಆಗಲೂ ಕುಣಿಗಲ್‌ನ ಕುದುರೆಗಳು ಓಡುತ್ತಲೇ ಇದ್ದವು.

ಜಿಲ್ಲೆಗೆ ವಿಮಾನ ಉದ್ಯಮ ಬಂದೇ ಇಲ್ಲ ಎನ್ನುವಂತಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆ, 2016ರ ಜನವರಿ 3ರಂದು ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ, ಎರಡಕ್ಕೂ ಬಂದವರು ಪ್ರಧಾನಿ ಮೋದಿ. ಕಾವಲು ಎಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲು, ಹೆಸರಿನಲ್ಲೇ ಇದೆ. ಅಲ್ಲಿ ತಯಾರಾಗುವ ಹೆಲಿಕಾಪ್ಟರಿಗೆ ಉದ್ದದ ರನ್‌ವೇ ಬೇಡ, ಟಿಕೆಟ್ ಪಡೆದು ಹತ್ತುವವರೂ ಇಲ್ಲ.

ನಿಲ್ದಾಣಕ್ಕೆ ಬೇಕಾಗುವುದು ಇಂಥ ಒಂದು ಕಾವಲಲ್ಲ, ಸಾವಿರಾರು ಎಕರೆ. ದೇವನಹಳ್ಳಿ ನಿಲ್ದಾಣವೇ ಸುಮಾರು 4,000 ಎಕರೆ. ಅದರ ಬೆನ್ನಿಗೆ ಬಂದ ಏರೋಸ್ಪೇಸ್ ಪಾರ್ಕಿಗೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಹಿಡಿಯಲು ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಸ್ವಾಧೀನ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ನಿಲ್ದಾಣ ಬಂದರೆ ಗುಬ್ಬಿಯವರ ಎರಡೂವರೆ ಗಂಟೆ ಒಂದೂವರೆಗೆ ಇಳಿಯಬಹುದು. ಅದು ಸುಳ್ಳು ಲಾಭವಲ್ಲ, ಆಸ್ಪತ್ರೆಗೆಂದೋ ಕೆಲಸಕ್ಕೆಂದೋ ಹೊರಟವರಿಗೆ ಒಂದು ಗಂಟೆಯ ಬೆಲೆ ಗೊತ್ತು. ಆದರೆ ಉಳಿಯುವ ಗಂಟೆ ಒಬ್ಬರದು, ಹೋಗುವ ರಾಗಿ ಹೊಲ, ತೆಂಗಿನ ತೋಟ ಇನ್ನೊಬ್ಬರದು. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ವರದಿ ಇಲ್ಲಿಯವರೆಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ. ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ನಾವು ಬರೆಯುವುದೂ ಹೆಚ್ಚಾಗಿ ಎಕರೆಗೆ ಎಷ್ಟು ಕೋಟಿ ಎಂಬಲ್ಲಿಗೇ ನಿಲ್ಲುತ್ತದೆ.

ನೆಲಮಂಗಲ ದಾಟಿ ಕುಣಿಗಲ್ ರಸ್ತೆಯಲ್ಲಿ ಹೋದರೆ ಬಡಾವಣೆಗಳ ಫಲಕಗಳು ಸಾಲಾಗಿ ಸಿಗುತ್ತವೆ. ಯಾವ ಊರಿನ ಯಾವ ಸರ್ವೆ ನಂಬರ್ ಎಂದು ಹೇಳುವ ಅಧಿಸೂಚನೆಯನ್ನು ಅಲ್ಲಿಯ ಹಳ್ಳಿಗಳಲ್ಲಿ ಯಾರೂ ಕಂಡಿಲ್ಲ. ಆದರೂ ಟೀ ಅಂಗಡಿಗೆ ಹೋಗಿ ಪತ್ರಿಕೆಯವರು ಎಂದರೆ ಮೊದಲು ಬರುವ ಪ್ರಶ್ನೆ ಅದೇ: ಗೆರೆ ನಮ್ಮ ಹೊಲದ ಮೇಲೆ ಬಂದಿದೆಯಾ ಸಾರ್, ಆಚೆ ಹೋಗಿದೆಯಾ?